ಒಲೆಯ ಹಸಿವು, ಫ್ಯಾನಿನ ಗಾಳಿ

ಹೋಟೆಲ್ ಇಟ್ಟವನಿಗೆ ಗಿರಾಕಿಯ ಹೊಟ್ಟೆಗಿಂತ ಒಲೆಯ ಹೊಟ್ಟೆಯದೇ ಚಿಂತೆ. ಊರು ಬದಲಾಯಿಸಿದರೂ ಈ ಪೀಕಲಾಟ ನನ್ನನ್ನು ಬಿಡಲಿಲ್ಲ. ಬಂಡವಾಳ ಹಾಕಿದವನು ರಾರಾವಿಯಲ್ಲಿ ಒಕ್ಕಲುತನ ಮಾಡುತ್ತಿದ್ದ ನಮ್ಮಣ್ಣ. ನನಗೋ ಹೊಲದ ಕೆಲಸವೆಂದರೆ ಜ್ವರ ಬರುತ್ತಿತ್ತು. ಅದು ಗೊತ್ತಿದ್ದೇ ಆತ, "ಲೇ ತಮ್ಮಾ, ಒಲಿ ದಂಡಕ್ಕ ಉರೀತು ಅಂದ್ರ ಹೋಟ್ಲು ಮುಚ್ಚಿಸಿ ನೇಗಿಲ ಹಿಡಿಸ್ತೀನಿ" ಎಂದಿದ್ದ.

ಕುದಿಯುವ ಚಹಾ

ಮೊದಲು ಹೋಟೆಲ್ ಇಟ್ಟ ಸಿರುಗುಪ್ಪದಲ್ಲಿ, ಎತ್ತಿನ ಗಾಡಿ ಹೊಡೆಯುವ ಹಿರಿಯರೊಬ್ಬರು ದಿನಾ ಬರುತ್ತಿದ್ದರು. ಚಹಾದಲ್ಲಿ ಹಬೆ ಏಳದಿದ್ದರೆ ವಾಪಸು. ಅವರೊಬ್ಬರಿಗಾಗಿ ಒಲೆಗೆ ಮತ್ತೆರಡು ಕೊರಡು. ತಂದಿಟ್ಟ ಮೇಲೆ ಅದನ್ನು ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು, ಊದಿ ಊದಿ, ಪೂರಾ ತಣ್ಣಗಾದ ಮೇಲೆ ಕುಡಿಯುತ್ತಿದ್ದರು.

"ಹೆಂಗೂ ಆರಿಸೇ ಕುಡೀತೀರಿ, ಇಷ್ಟು ಕುದಿಸೋದ್ಯಾಕ್ರಿ?" ಎಂದೆ.

"ಆರಿಸೋ ಕೆಲಸ ನಂದು. ನೀ ಯಾಕ ತ್ರಾಸು ತಗೋತೀ?" ಎಂದರು.

ಒಲೆಯೊಳಗಿನ ತಿಂಡಿ

ಕುರುಗೋಡಿಗೆ ಬಂದಾಗ ಯುದ್ಧದ ಕಾಲ, ಕಟ್ಟಿಗೆ ಸಿಗದು. ಮಿಲ್ಲಿನಿಂದ ಶೇಂಗಾ ಹೊಟ್ಟು ತಂದು ಒಲೆಗೆ ತುಂಬಿದೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ ಒಡೆಯದೆ ಉಳಿದಿತ್ತು. ಬೆಂಕಿ ತಾಗಿ ಘಮ್ಮೆಂದಿತು. ಸಂತೆಗೆ ಬಂದವರು ವಾಸನೆ ಹಿಡಿದು ಒಳಗೆ ನುಗ್ಗಿದರು. ನಾನು ಖುಷಿಯಿಂದ ಇಡ್ಲಿ ತಂದಿಟ್ಟೆ. ಒಬ್ಬ ಅಜ್ಜ ತಟ್ಟೆ ಸರಿಸಿ, "ಇದು ಇರ್ಲಿ ಬಿಡಪ್ಪಾ, ಆ ಒಲ್ಯಾಗ ಹಾಕಿದ್ದು ಒಂದು ಬೊಗಸಿ ಕೊಡು" ಎಂದ.

ಬಳ್ಳಾರಿಯ ಗಾಳಿ

ಮುಂದೆ ಬಳ್ಳಾರಿಯಲ್ಲಿ ಹೋಟೆಲ್ ಹಾಕಿದಾಗ, ಆ ಬಿಸಿಲಿಗೆ ಗಿರಾಕಿ ಬರಲೆಂದು ಅಣ್ಣನಿಗೆ ಹೇಳದೆ ಕರೆಂಟಿನ ಫ್ಯಾನು ಹಾಕಿಸಿದೆ. ಬಂದರು, ಕೂತರು, ಏಳಲೇ ಇಲ್ಲ. ಲೋಟ ಖಾಲಿಯಾದರೆ ನಾನು ಫ್ಯಾನು ನಿಲ್ಲಿಸುತ್ತೇನೆಂದು ತಿಳಿದು, ತಳದಲ್ಲಿ ಒಂದು ಗುಟುಕು ಕಾಫಿ ಉಳಿಸಿಕೊಂಡೇ ಇರುತ್ತಿದ್ದರು.

ಒಂದು ಮಧ್ಯಾಹ್ನ ಅಣ್ಣ ಬಂದೇಬಿಟ್ಟ. ತುಂಬಿದ ಹೋಟೆಲ್ ನೋಡಿ ಮುಖ ಅರಳಿತು. ಯಾರ ಮುಂದೆಯೂ ತಟ್ಟೆ ಇಲ್ಲದ್ದು ಕಂಡು ಗಂಟಿಕ್ಕಿತು. ಆಮೇಲೆ ತಲೆಯೆತ್ತಿ ಫ್ಯಾನು ನೋಡಿದ.

"ಇದನ್ನ ಇವತ್ತ ಬಿಚ್ಚಿಸು. ನಾಳಿಂದ ಹೊಲಕ್ಕ ಬಾ. ಬಿಚ್ಚೋತನಕ ನಾ ಇಲ್ಲಿಂದ ಏಳಂಗಿಲ್ಲ" ಎಂದು ಫ್ಯಾನಿನ ಕೆಳಗೇ ಕುರ್ಚಿ ಎಳೆದುಕೊಂಡು ಕೂತ.

ನಾನು ಅಳುಮುಖ ಮಾಡಿಕೊಂಡು ಕರೆಂಟಿನ ಕೆಲಸದವನನ್ನು ಕರೆತಂದೆ. ಅಷ್ಟರಲ್ಲಿ ಅಣ್ಣ ರುಮಾಲು ತೊಡೆಯ ಮೇಲಿಟ್ಟು ಗೊರಕೆ ಹೊಡೆಯುತ್ತಿದ್ದ. ಕೆಲಸದವನು ಏಣಿ ಹಾಕಿ ಫ್ಯಾನು ನಿಲ್ಲಿಸಿದ.

ಅಣ್ಣ ಒಂದು ಕಣ್ಣು ತೆರೆದ. "ಯಾವನಲೇ ಅದನ್ನ ನಿಂದರಿಸಿದವ?"

"ನೀನ ಬಿಚ್ಚು ಅಂದ್ಯಲ್ಲಣ್ಣಾ."

"ಹಚ್ಚು ಮದ್ಲ."

ಹಚ್ಚಿಸಿದೆ. "ಹಂಗಾದ್ರ ನಾಳಿ ಹೊಲ?" ಎಂದು ಮೆಲ್ಲಗೆ ಕೇಳಿದೆ.

ಅಣ್ಣ ಕಣ್ಣು ಮುಚ್ಚಿಕೊಂಡೇ ಹೇಳಿದ: "ಹೊಲದಾಗ ಫ್ಯಾನು ಎಲ್ಲೈತಲೇ? ಇಬ್ಬರೂ ಇಲ್ಲೇ ಇರೋಣು."