ಭಾವನ ಕಾರಿನಲ್ಲಿ ಉರಿದ ದೀಪ

ನನಗೆ ಕೋಪ ಜಾಸ್ತಿ ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರನ್ನು ಕಂಡರೇ ನನಗೆ ಕೋಪ. ಕೋಪ ಬರುವಂಥದ್ದನ್ನು ಮಾಡಿ, ಆಮೇಲೆ ಕೋಪ ಯಾಕೆ ಎಂದು ಕೇಳುವುದು ಯಾವ ನ್ಯಾಯ? ಇಪ್ಪತ್ತು ವರ್ಷ ಚಾಮರಾಜನಗರದ ಲೈಟುಕಂಬಗಳನ್ನು ಹತ್ತಿ ಇಳಿದವನು ನಾನು. ಕರೆಂಟಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಂಥವನ ಎದುರಿಗೇ ಒಂದು ಜುಜುಬಿ ದೀಪ ವಾರವಿಡೀ ಉರಿದರೆ ಮೈ ಉರಿಯದೆ ಇರುತ್ತದೆಯೇ?

ದೀಪ ಇದ್ದದ್ದು ನನ್ನ ಹೆಂಡತಿ ಸರೋಜಳ ಅಣ್ಣನ ಕಾರಿನಲ್ಲಿ. ತೊಂಬತ್ತರ ದಶಕದ ಕೊನೆಯ ಮಾತು. ದುಬೈಯಲ್ಲಿದ್ದ ಭಾವ ಒಂದು ವಿದೇಶಿ ಕಾರು ಕೊಂಡು, ಎರಡು ತಿಂಗಳು ನೋಡಿಕೊಳ್ಳಿ ಎಂದು ನಮ್ಮ ಮನೆ ಮುಂದೆ ಬಿಟ್ಟುಹೋಗಿದ್ದ. ಎಷ್ಟು ಜೋರಾಗಿ ಬ್ರೇಕು ತುಳಿದರೂ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಅದರಲ್ಲಿತ್ತು. ಅದು ಕೆಟ್ಟರೆ ಹಳದಿ ದೀಪ ಹತ್ತುತ್ತದೆ. ಹತ್ತಿತು. ಭಾವ ಭಾನುವಾರ ಬರುವವನಿದ್ದ. "ಹಬ್ಬಕ್ಕೆ ತೊಳಿ ಅಂದ್ರೆ ಪೈಪ್ ಹಿಡ್ದು ನೀರು ಹೊಡೆದೆಯಲ್ಲ, ಒಳಗೆಲ್ಲ ಶಾರ್ಟ್ ಆಗೋಗದೆ" ಎಂದು ಸರೋಜಳ ಮೇಲೆ ಎಗರಾಡಿದೆ.

"ನನ್ ತಪ್ಪೇ ಆಗಿದ್ರೆ ಅಣ್ಣನ ಕಾಲಿಗ್ ಬೀಳ್ತೀನಿ ಕಣಿ. ಅಲ್ಲ ಅಂತಾದ್ರೆ ನೀವೇನ್ ಮಾಡೀರಿ?" ಎಂದವಳು ಅಲ್ಲಿಂದ ಮಾತು ಬಿಟ್ಟಳು.

ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ದೀಪ ಆರಿಸಿದ. ಹೇಗಪ್ಪಾ ಎಂದರೆ, "ಬಲ್ಬನ್ನೇ ಕಿತ್ಬುಟ್ಟೆ ಕಣ್ ಸಾ, ಇನ್ನೆಲ್ ಉರಿದದು?" ಎಂದ. ಅವನಿಗೆ ಬಾಯಿತುಂಬ ಬೈದು, ಬಲ್ಬ್ ಹಾಕಿಸಿ, ನಾನೇ ಟೆಸ್ಟರ್ ಹಿಡಿದು ಕೂತೆ. ಎಲ್ಲಿ ಚುಚ್ಚಿದರೂ ಕರೆಂಟಿಲ್ಲ. ಕಂಬದ ಟೆಸ್ಟರು ಕಾರಿನ ಹನ್ನೆರಡು ವೋಲ್ಟಿಗೆ ಉರಿಯುವುದಿಲ್ಲವೆಂದು ನೆನಪಾದದ್ದು ಮಾರನೆಯ ದಿನ. ಅಷ್ಟರಲ್ಲಿ ಹಾರನ್ನೂ ನಿಂತಿತ್ತು.

ಶನಿವಾರ ಗುಂಡ್ಲುಪೇಟೆಗೆ ಓಡಿಸಿದೆ. ಕೇರಳದ ಕಡೆಯ ವಿದೇಶಿ ಕಾರುಗಳನ್ನು ರಿಪೇರಿ ಮಾಡುವ ಬಷೀರ್ ಸಾಹೇಬರು ಅಲ್ಲಿದ್ದರು. ತಪ್ಪು ಯಾರದೆಂದು ಕಣ್ಣಾರೆ ನೋಡಲು ಸರೋಜ ಹಿಂದಿನ ಸೀಟಿನಲ್ಲಿ ಕೂತಿದ್ದಳು. ನಾನು ನೀರಿನ ಕಥೆ ತೆಗೆದೆ. "ಒಸಿ ಸುಮ್ಕಿರಿ ಸಾ" ಎಂದ ಸಾಹೇಬರು ಪ್ರತಿ ಚಕ್ರದ ವೇಗವನ್ನು ಎಬಿಎಸ್‌ಗೆ ತಿಳಿಸುವ ವೈರಿಗೆ ಮೀಟರ್ ಹಿಡಿದರು. "ಮೂರ್ ಚಕ್ರ ಸರಿಯಾಗವೆ. ಮುಂದ್ಗಡೆ ಎಡದ್ದು ಉಸ್ರೇ ಬುಡ್ತಿಲ್ಲ" ಎಂದು ಚಕ್ರದ ಹಿಂದೆ ಕೈ ಹಾಕಿ, ಬಿಗಿದು ಕಟ್ಟಿದ್ದ ಒಂದು ಕಟ್ಟುತಂತಿಯನ್ನು ಕತ್ತರಿಸಿ ತೆಗೆದರು.

"ಆಯುಧಪೂಜೆಗೆ ಬಾಳೆಕಂದು ಕಟ್ಟವ್ರೆ ಸಾ. ಕಂದು ಕುಯ್ದು ಎಸ್ದು, ತಂತಿ ಬುಟ್ಬುಟ್ಟವ್ರೆ. ಅದು ಉಜ್ಜಿ ಉಜ್ಜಿ ಒಳಗಿನ್ ವೈರ್ನ ಕುಯ್ದಾಕ್ಬುಟ್ಟದೆ."

"ಯಾವ ಮುಠ್ಠಾಳ ಕಟ್ಟಿದ್ದು!" ಎಂದು ಗುಡುಗಿದೆ.

"ಯಾರೋ ಕರೆಂಟ್‌ನೋರೇ ಸಾ. ಈ ಗಂಟ್ನ ಕಂಬದ್ ಮೇಲ್ ಬುಟ್ರೆ ಇನ್ನೆಲ್ಲೂ ಯಾರೂ ಹಾಕಾಕಿಲ್ಲ."

ಸರೋಜ ಕಾರಿನಿಂದಿಳಿದು, ಆ ತಂತಿ ಇಸಿದುಕೊಂಡು ನನ್ನ ಮುಖವನ್ನೇ ನೋಡಿದಳು. ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ನನ್ನ ಬಾಯಿಂದ ಬಂದ ಮಾತೇ ಬೇರೆ: "ಗಂಟು ಮಾತ್ರ ಒಂಚೂರೂ ಸಡಿಲ ಆಗಿಲ್ಲ ನೋಡಿ, ಸಾಬ್ರೇ!"

ಸಾಹೇಬರು ವೈರು ಜೋಡಿಸಿದರು, ದೀಪ ಆರಿತು. ಸರೋಜ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದಳು. ಚಾಮರಾಜನಗರದ ತನಕ ಅವಳ ಬಸ್ಸು ನಿಂತಲ್ಲೆಲ್ಲ ನಾನೂ ಹಿಂದೆ ಕಾರು ನಿಲ್ಲಿಸಿ, ಅವಳ ಕಿಟಕಿ ನೋಡುತ್ತಾ ಬಂದೆ. ಬ್ರೇಕು ಒಂದು ಸಲವೂ ಕೈಕೊಡಲಿಲ್ಲ.