ತಂಪು ಕೋಣೆಯ ಜನವಾಣಿ

ಬಾನುಲಿ ನಿಲಯದ ನಿರೂಪಕರ ಗಂಟಲು ಆ ಬೆಳಿಗ್ಗೆ ಕೈಕೊಟ್ಟಿತು. ಗಂಟಲಿಗೆ ಕೈ ಎಲ್ಲಿಂದ ಬಂತು ಎಂದು ಕೇಳಬೇಡಿ, ಆದದ್ದಂತೂ ಅದೇ. ವರ್ಷಗಟ್ಟಲೆ ಸ್ಟುಡಿಯೋದ ತಣ್ಣನೆ ಗಾಳಿಯಲ್ಲಿ ಕೂತು 'ಕೇಳುಗರೇ' ಎಂದು ಜೇನು ಸುರಿಸಿದ ಗಂಟಲಿನಿಂದ ಅಂದು ಹೊರಟದ್ದು ಎಣ್ಣೆ ಕಾಣದ ಬಾಗಿಲಿನ ಕಿರ್ರ್ ಸದ್ದು ಮಾತ್ರ.

ಆ ಸದ್ದು ಕೇಳಿ ಇಡೀ ನಿಲಯದಲ್ಲಿ ಒಳಗೊಳಗೇ ಹಿಗ್ಗಿದವನು ಒಬ್ಬನೇ, ತಣ್ಣಪ್ಪ.

ಇದು ಹೆತ್ತವರು ಇಟ್ಟ ಹೆಸರಲ್ಲ, ಸಹೋದ್ಯೋಗಿಗಳು ಕೊಟ್ಟ ಬಿರುದು. ಮಹಡಿಯ ಮೇಲಿನ ತಗಡಿನ ಸೂರಿನ ಕೋಣೆಯಲ್ಲಿ ಹಳೇ ಧ್ವನಿಮುದ್ರಿಕೆಗಳ ಧೂಳು ಒರೆಸಿ ಜೋಡಿಸುವುದು ಅವನ ಕೆಲಸ. ಬೇಸಿಗೆಯಲ್ಲಿ ಆ ಕೋಣೆ ಅವನನ್ನು ಕಡಲೆಕಾಯಿಯ ಹಾಗೆ ಹುರಿಯುತ್ತಿತ್ತು. ಕಟ್ಟಡಕ್ಕೆಲ್ಲ ತಂಪಾದ ಜಾಗವೆಂದರೆ ಕೆಳಗಿನ ಸ್ಟುಡಿಯೋ ಒಂದೇ. ಏನಾದರೊಂದು ನೆಪ ಹುಡುಕಿ ಅದರೊಳಗೆ ನುಸುಳಿ, ಮೆತ್ತೆ ಹೊದಿಸಿದ ಗೋಡೆಗೆ ಒರಗಿ ಕಣ್ಣು ಮುಚ್ಚಿದನೆಂದರೆ ಅವನಿಗೆ ಹಿಮ ಬೀಳುವ ಕನಸು. ಜನ್ಮದಲ್ಲಿ ಹಿಮ ಕಂಡವನಲ್ಲ. ಹಾಗಾಗಿ ಅವನ ಕನಸಿನ ಹಿಮ ದಿಂಬಿನ ಹತ್ತಿಯಂತೆ, ಸದ್ದಿಲ್ಲದೆ, ಚೂರು ಧೂಳು ಬೆರೆತೇ ಉದುರುತ್ತಿತ್ತು.

"ರೀ ತಣ್ಣಪ್ಪ," ನಿಲಯದ ಮುಖ್ಯಸ್ಥೆ ಕರೆದರು. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. "ಕ್ಯಾಂಟೀನಲ್ಲಿ ನನ್ನ ದನೀನೂ ಬಿಡದ ಹಾಗೆ ಎಲ್ಲರ ದನಿ ತೆಗೆದು ಮಿಮಿಕ್ರಿ ಮಾಡ್ತೀರಂತಲ್ಲ? ಆ ಗಂಟಲು ಇವತ್ತು ನಿಲಯಕ್ಕೂ ಸ್ವಲ್ಪ ದುಡೀಲಿ. ಭೂಮಿ ಬಿಸಿಯಾಗ್ತಿದೆ, ಅದರಿಂದ ಏನೇನು ತೊಂದರೆ, ಅದು ವಾಪಸ್ ಸರಿಹೋಗುತ್ತಾ ಇಲ್ವಾ ಅಂತ ಜನರನ್ನ ಕೇಳ್ಕೊಂಡು ಬನ್ನಿ. ಸಂಜೆ ಪ್ರಸಾರ. ಚೆನ್ನಾಗಿ ಬಂದ್ರೆ ಸ್ಟುಡಿಯೋ ಕುರ್ಚಿ ಇನ್ಮೇಲೆ ನಿಮ್ದೇ."

"ಕೆಟ್ಟದಾಗಿ ಬಂದ್ರೆ ಮೇಡಂ?"

"ಮಹಡಿ ಇದ್ದೇ ಇದೆಯಲ್ಲ."

ತಣ್ಣಪ್ಪ ರೆಕಾರ್ಡರ್ ಹಿಡಿದು ಹೊರಟ. ರೆಕಾರ್ಡ್ ಮಾಡಲು ಅದಕ್ಕೆ ಇದ್ದದ್ದು ಒಂದೇ ಗುಂಡಿ. ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಗೇಟಿನ ಬಳಿ ಒಮ್ಮೆ ಒತ್ತಿ ನೋಡಿದ. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಡಿಯಿತು. ಎದುರಿನ ರಸ್ತೆ ನೀರಿನಂತೆ ಅಲುಗಾಡುತ್ತಿತ್ತು. ಅದರ ತುದಿಯಲ್ಲಿ ಯಾರೋ ಒಂದು ಕುರ್ಚಿ ಇಟ್ಟು ಸುತ್ತಲೂ ಹತ್ತಿ ಉದುರಿಸುತ್ತಿರುವ ಹಾಗೆ ಕಂಡಿತು. ಅತ್ತಲೇ ನೋಡುತ್ತಾ ನಡೆದ.

ಮೊದಲು ಸಿಕ್ಕಿದ್ದು ಕ್ಷೌರದಂಗಡಿ. ತಣ್ಣಪ್ಪ ಗುಂಡಿ ಒತ್ತಿ ಪ್ರಶ್ನೆ ಕೇಳಿದ.

"ಭೂಮಿ ಅಂದ್ರೆ ತಲೆ ಸಾರ್, ಮರ ಅಂದ್ರೆ ಕೂದ್ಲು," ಎಂದ ಕ್ಷೌರಿಕ, ಕತ್ತರಿಯನ್ನು ಗಾಳಿಯಲ್ಲೇ ಎರಡು ಸಲ ಕತ್ತರಿಸಿ. "ಬೋಳಾದ್ಮೇಲೆ ಮುಗೀತು. ವಾಪಸ್ ಗೀಪಸ್ ಏನಿಲ್ಲ."

ಕುರ್ಚಿಯಲ್ಲಿದ್ದ ಅರೆಬೋಳು ಗಿರಾಕಿ ಸೋಪಿನ ನೊರೆಯೊಳಗಿಂದಲೇ ಸಿಡಿದ. "ಯಾಕಯ್ಯಾ ಬರಲ್ಲ? ಎಣ್ಣೆ ಸೀಸೆ ಮಾರೋವಾಗ ಗ್ಯಾರಂಟಿ ಬರುತ್ತೆ ಅಂದಿದ್ದೆ?"

"ಅದು ನಿಮ್ಮ ತಲೆ ಸಾರ್. ಇವರು ಕೇಳ್ತಿರೋದು ಭೂಮಿ."

"ಭೂಮಿಗೊಂದು ನ್ಯಾಯ, ನನ್ನ ತಲೆಗೊಂದು ನ್ಯಾಯವಾ?"

ಜಗಳ ಭೂಮಿಯನ್ನು ಬಿಟ್ಟು ಎಣ್ಣೆಗೆ ಜಾರಿತು. ತಣ್ಣಪ್ಪ ಗುಂಡಿ ಒತ್ತಿ ಹೊರಬಿದ್ದ.

ಮುಂದಿನ ತಿರುವಿನಲ್ಲಿ ಇಸ್ತ್ರಿ ಅಕ್ಕ. ಮತ್ತೆ ಗುಂಡಿ, ಮತ್ತೆ ಪ್ರಶ್ನೆ.

"ಕೆಂಡದ ಪೆಟ್ಟಿಗೆ ಹಿಡಿದವಳ ಮುಂದೆ ನಿಂತು ಬಿಸಿ ಆಗ್ತಿದೆಯಾ ಅಂತ ಕೇಳ್ತೀಯಲ್ಲ ತಮ್ಮಾ!" ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ಮೊದಲೆಲ್ಲ ಬೆಳಗಿನ ಹೊತ್ತು ತಂಗಾಳಿ ಅಂತ ಒಂದು ಬರ್ತಿತ್ತು. ಈಗ ಅದೂ ರಜಾ ಹಾಕಿದೆ."

"ಅದು ವಾಪಸ್ ಬರುತ್ತಾ ಅಕ್ಕಾ?"

"ಇಸ್ತ್ರಿಗೆ ಕೊಟ್ಟ ಪ್ಯಾಂಟು ನೀನು ವಾಪಸ್ ತಗೊಂಡು ಹೋಗೋದು ಯಾವಾಗ? ಮೊದಲು ಅದು ಹೇಳು."

ಗುಂಡಿ ಒತ್ತಿ ತಣ್ಣಪ್ಪ ಜಾಗ ಖಾಲಿ ಮಾಡಿದ.

ಕೊನೆಗೆ ಅವನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಜಗಲಿಯ ಮೇಲೆ, ತಲೆಗೆ ಒದ್ದೆ ಟವೆಲು ಹೊದ್ದು ಕೂತಿದ್ದರು. ಮತ್ತೆ ಗುಂಡಿ, ಅದೇ ಪ್ರಶ್ನೆ.

"ಇದೊಂದು ಬಿಸಿಲೇನಯ್ಯಾ? ನಮ್ಮ ಕಾಲದ ಬಿಸಿಲಿಗೆ ಕಾಗೆ ನೆರಳು ನೆಲಕ್ಕೆ ಅಂಟಿಕೊಂಡು ಏಳ್ತಾನೇ ಇರಲಿಲ್ಲ! ಭೂಮಿ ಬಿಸಿಯಾಗಿಲ್ಲ, ಈಗಿನವರ ಚರ್ಮ ತೆಳ್ಳಗಾಗಿದೆ."

"ಮತ್ತೆ ಬೆಳಿಗ್ಗೆಯಿಂದ ಆ ಟವೆಲು ಯಾಕ್ರೀ?" ಒಳಗಿನಿಂದ ಹೆಂಡತಿಯ ದನಿ.

"ಅದು ಸ್ಟೈಲ್ ಕಣೇ!"

ಹಾಗೆ ಶುರುವಾದ ಮೇಷ್ಟ್ರು ಬೇಗ ನಿಲ್ಲಲಿಲ್ಲ. ತಣ್ಣಪ್ಪ ನಿಂತಲ್ಲೇ ಒಂದು ಸಣ್ಣ ನಿದ್ದೆ ತೆಗೆದು ಎದ್ದಾಗ ಅವರು ಇನ್ನೂ ತಮ್ಮ ಹೈಸ್ಕೂಲಿನಲ್ಲೇ ಇದ್ದರು.

ಸ್ಟುಡಿಯೋಗೆ ಮರಳಿ ಬಾಗಿಲು ಹಾಕಿಕೊಂಡು ತಣ್ಣಪ್ಪ ರೆಕಾರ್ಡರನ್ನು ಕಿವಿಗಿಟ್ಟ. ಚಪ್ಪಲಿಯ ಚಟಪಟ. ಏದುಸಿರು. 'ಅಯ್ಯಪ್ಪಾ, ಸೆಕೆ' ಎಂಬ ತನ್ನದೇ ನರಳಾಟ. ಮತ್ತೆ ಚಪ್ಪಲಿ. ಮುಂದಕ್ಕೆ ಓಡಿಸಿದ. ನಾಯಿಯೊಂದರ ಆಕಳಿಕೆ. ಇನ್ನೂ ಮುಂದೆ. ಚಪ್ಪಲಿ!

ಗೇಟಿನಲ್ಲಿ ಒತ್ತಿ ನೋಡಿದವನು ಅದನ್ನು ಬಂದ್ ಮಾಡಲು ಮರೆತಿದ್ದ. ಹಾಗಾಗಿ ಜನ ಬಾಯಿ ತೆರೆದಾಗಲೆಲ್ಲ ಯಂತ್ರ ಕಿವಿ ಮುಚ್ಚಿತ್ತು, ಜನ ಬಾಯಿ ಮುಚ್ಚಿದಾಗಲೆಲ್ಲ ಯಂತ್ರ ಕಿವಿ ತೆರೆದಿತ್ತು. ಭೂಮಿಯ ಬಿಸಿಯ ಬಗ್ಗೆ ಜನತೆಯ ಅಭಿಪ್ರಾಯ ಒಂದು ಜೊತೆ ಚಪ್ಪಲಿಗೆ ಇಳಿದಿತ್ತು.

ಪ್ರಸಾರದ ಹೊತ್ತು ಹತ್ತಿರವಾಗಿತ್ತು. ಮಹಡಿಯ ತಗಡು ಕಣ್ಣಮುಂದೆ ಕೆಂಪಗೆ ಹೊಳೆಯಿತು. ಅಷ್ಟರಲ್ಲಿ ಗೋಡೆಯ ಕಿಂಡಿಯಿಂದ ಬಂದ ತಂಪು ಗಾಳಿ ಅವನ ಕತ್ತನ್ನು ನೇವರಿಸಿತು. ತಣ್ಣಪ್ಪನ ಕಣ್ಣು ಅರೆ ಮುಚ್ಚಿತು. ಹತ್ತಿ ಉದುರತೊಡಗಿತು. ಆ ಹತ್ತಿಯ ನಡುವೆ ಕ್ಷೌರಿಕ, ಅಕ್ಕ, ಮೇಷ್ಟ್ರು ಒಬ್ಬೊಬ್ಬರಾಗಿ ತೇಲಿ ಬಂದು ಅವನ ಗಂಟಲಿನಲ್ಲಿ ಕೂತರು. ಅವನು ಮೈಕಿನತ್ತ ಬಾಗಿದ.

"ಬೋಳು ಗುಡ್ಡದಲ್ಲಿ ಒಂದೇ ಒಂದು ಎಳೆ ಚಿಗುರಿದ್ರೂ ನಾನು ಬಾಚಣಿಗೆ ಎಸೆಯಲ್ಲ ಸಾರ್," ಎಂದಿತು ಕ್ಷೌರಿಕನ ದನಿ, ಹಿನ್ನೆಲೆಯಲ್ಲಿ ನಾಲಿಗೆಯದೇ ಕತ್ತರಿ.

"ನಾನು ನಂಬಿರಲಿಲ್ಲಯ್ಯಾ," ಎಂದಿತು ಮೇಷ್ಟ್ರ ದನಿ, ಗದ್ಗದಿತವಾಗಿ. "ನನ್ನ ಚರ್ಮ ನನಗಿಂತ ಮೊದಲು ನಂಬಿತು. ಕರಗಿದ್ದೆಲ್ಲ ವಾಪಸ್ ಬರಲ್ಲ. ಉಳಿದದ್ದು ಕರಗದ ಹಾಗೆ ಈಗಲೂ ನೋಡ್ಕೋಬಹುದು."

ಇಸ್ತ್ರಿ ಅಕ್ಕನ ಸರದಿ ಬಂದಾಗ ತಣ್ಣಪ್ಪ ಮೈಮರೆತಿದ್ದ. "ಒಬ್ಬರ ಕೋಣೆ ತಣ್ಣಗಿರಲಿ ಅಂತ ಆ ಬಿಸಿಯನ್ನೆಲ್ಲ ತಂದು ನಮ್ಮ ಬೀದಿಗೆ ಉಗುಳ್ತಾರೆ ತಮ್ಮಾ. ಮೊದಲು ಆ ತಂಪು ಮೆಷಿನ್ನುಗಳನ್ನ ಆರಿಸಲಿ. ತಂಗಾಳಿ ತಾನೇ ದಾರಿ ಕೇಳ್ಕೊಂಡು ಬರುತ್ತೆ." ಹೇಳುತ್ತಾ ಹೇಳುತ್ತಾ ಅವನ ಕಣ್ಣೇ ಒದ್ದೆಯಾಯಿತು. ಅದನ್ನು ಕಿಂಡಿಯ ತಂಪು ಗಾಳಿಗೇ ಹಿಡಿದು ಒಣಗಿಸಿಕೊಂಡ.

ಸಂಜೆ ಪ್ರಸಾರ ಮುಗಿದು ಇನ್ನೇನು ಉಸಿರು ಬಿಡಬೇಕು, ಗೇಟಿನಲ್ಲಿ ಗದ್ದಲ. ತಣ್ಣಪ್ಪ ಇಣುಕಿ ನೋಡಿದ. ಕ್ಷೌರಿಕ, ಇಸ್ತ್ರಿ ಅಕ್ಕ, ಟವೆಲು ಹೊದ್ದ ಮೇಷ್ಟ್ರು, ಹಿಂದೆ ಅರ್ಧ ಬೀದಿ. ಎದುರಿಗೆ ಮೇಡಂ! ಅವನು ಮೆಲ್ಲಗೆ ಹಿಂದೆ ಸರಿದ.

"ಬಾರಪ್ಪಾ ಇಲ್ಲಿ!" ಮೇಷ್ಟ್ರು ಗುಡುಗಿದರು. "ಇದು ಸರೀನಾ ನೀನು ಮಾಡಿದ್ದು?"

"ಮೇಷ್ಟ್ರೇ, ಅದು... ಆ ಗುಂಡಿ..."

"ನಾನು ಅಷ್ಟು ಹೊತ್ತು ಮಾತಾಡಿದ್ದೆ. ನೀನು ಚೂರೇ ಚೂರು ಹಾಕಿದೀಯ! ಆದ್ರೂ ಆರಿಸಿದ್ದು ಒಳ್ಳೇ ಭಾಗಾನೇ ಬಿಡು. ನನ್ನ ಹೆಂಡತಿ ಮದುವೆಯಾದ ಮೇಲೆ ಮೊದಲ ಸಲ ನನ್ನ ಮಾತಿಗೆ ತಲೆಯಾಡಿಸಿದ್ಲು."

"ನಾನು ಇಷ್ಟು ಚೆನ್ನಾಗಿ ಮಾತಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ ಸಾರ್," ಎಂದ ಕ್ಷೌರಿಕ. "ಆ ಗಿರಾಕಿ ಇನ್ನೊಂದು ಸೀಸೆ ಎಣ್ಣೆ ತಗೊಂಡು ಹೋದ."

ಇಸ್ತ್ರಿ ಅಕ್ಕ ಎಲ್ಲರನ್ನೂ ಸರಿಸಿ ಮುಂದೆ ಬಂದಳು. "ಯಾವಾಗ ಹೇಳಿದ್ನೋ ನೆನಪಿಲ್ಲ ತಮ್ಮಾ, ಬಿಸಿಲಿಗೆ ತಲೆ ನಿಲ್ಲಲ್ಲ. ಆದ್ರೆ ಹೇಳಿದ್ಮೇಲೆ ಹೇಳಿದ ಹಾಗೆ ನಡ್ಕೋಬೇಕಲ್ಲ. ಅದಕ್ಕೇ ಬಂದೆ." ಅವಳು ಕಟ್ಟಡದ ಹಿಂಬದಿಗೆ ಕೈ ತೋರಿಸಿದಳು. "ನಮ್ಮ ಬೀದಿಗೆ ಬಿಸಿ ಉಗುಳ್ತಿರೋ ಮೆಷಿನ್ನು ಯಾರದು ಮೇಡಂ? ನಿಮ್ಮದೇ!"

"ಆರಿಸಿ! ಆರಿಸಿ!" ಎಂದಿತು ಬೀದಿ.

ಮೇಡಂ ಕನ್ನಡಕ ತೆಗೆದು ಒರೆಸಿದರು. "ಇಷ್ಟು ವರ್ಷದಲ್ಲಿ ನಮ್ಮ ಕಾರ್ಯಕ್ರಮ ಕೇಳಿ ಯಾರೂ ಎದ್ದು ಬಂದಿರಲಿಲ್ಲ ತಣ್ಣಪ್ಪ. ಕುರ್ಚಿ ನಿಮ್ದೇ. ಈಗಿಂದೀಗಲೇ ಹೋಗಿ ಕೂತ್ಕೊಳ್ಳಿ." ಆಮೇಲೆ ಹಿಂದಕ್ಕೆ ಹೋಗಿ ತಾವೇ ಸ್ವಿಚ್ಚು ಆರಿಸಿದರು. ಬೀದಿ ಚಪ್ಪಾಳೆ ತಟ್ಟಿತು.

"ಮೇಡಂ, ಒಂದು ಫ್ಯಾನಾದ್ರೂ..."

"ಮೈಕಿಗೆ ಗುಯ್ ಅಂತ ಸದ್ದು ಹೋಗುತ್ತಲ್ರೀ."

"ಕಿಟಕಿ?"

"ಸ್ಟುಡಿಯೋಗೆ ಯಾರಾದ್ರೂ ಕಿಟಕಿ ಇಡ್ತಾರೇನ್ರೀ?"

ನಿಜ ಹೇಳಿಬಿಡೋಣವೆಂದು ತಣ್ಣಪ್ಪ ಬಾಯಿ ತೆರೆದ. ಹೇಳಿದರೆ ಕುರ್ಚಿಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಬಾಯಿ ಮುಚ್ಚಿದ.

ಮೆತ್ತೆ ಹೊದ್ದ ಗೋಡೆಗಳ ನಡುವೆ, ಬಾಗಿಲನ್ನು ಒಂದಿಷ್ಟು ತೆರೆದಿಟ್ಟುಕೊಂಡು, ತಣ್ಣಪ್ಪ ಹೊಸ ಕುರ್ಚಿಯಲ್ಲಿ ಕೂತ. ಕೋಣೆ ಮೆಲ್ಲಮೆಲ್ಲಗೆ ಅವನನ್ನು ಕಂಬಳಿಯಂತೆ ಸುತ್ತಿಕೊಂಡಿತು. ಹಣೆಯ ಬೆವರು ಮೂಗಿಗಿಳಿದು, ಅಲ್ಲಿ ಕೊಂಚ ಯೋಚಿಸಿ, ಮೈಕಿನ ಮೇಲೆ ಬಿತ್ತು. ಅವನು ಕಣ್ಣು ಮುಚ್ಚಿದ. ಹಿಮವನ್ನು ಕರೆದ, ಬರಲಿಲ್ಲ. ಕೊನೆಗೆ, ಎಷ್ಟೋ ಮಧ್ಯಾಹ್ನ ತಗಡಿನಡಿ ಕೂತು ಆಸೆಯಿಂದ ಆಲಿಸಿದ್ದ ಆ ತಂಪು ಮೆಷಿನ್ನಿನ ದನಿಯನ್ನೇ ಗಂಟಲಿನ ಆಳದಿಂದ ಎತ್ತಿದ. "ಗುರ್ರ್ರ್... ಊಂಊಂಊಂ..." ಮೊದಲು ಕಿವಿ ತಣ್ಣಗಾಯಿತು, ಆಮೇಲೆ ಕತ್ತು. ದೂರದಲ್ಲೆಲ್ಲೋ ಒಂದು ಎಳೆ ಹತ್ತಿ ಉದುರಿತು.

"ಯಾರ್ರೀ ಅದು ಮತ್ತೆ ಮೆಷಿನ್ ಹಾಕಿದ್ದು?" ಹಜಾರದ ತುದಿಯಿಂದ ಮೇಡಂ ಕೂಗಿದರು. "ಆರಿಸ್ರೀ ಅದನ್ನ!"

ತಣ್ಣಪ್ಪ ಆರಿಸಿದ.