ಬಾಳೆ ಕಿತ್ತ ಮೇಷ್ಟ್ರು

ನಮ್ಮ ಕಡೆ ಇಂಥದ್ದು ಆಗುತ್ತಲೇ ಇರುತ್ತದೆ. ಒಬ್ಬ ಮನುಷ್ಯ ಬದುಕಿನಲ್ಲಿ ಸಾವಿರ ಕೆಲಸ ಮಾಡುತ್ತಾನೆ. ಊರು ಅದರಲ್ಲಿ ಒಂದನ್ನು ಆರಿಸಿ ಅವನ ಹೆಸರಿನ ಮುಂದೆ ಕಟ್ಟುತ್ತದೆ. ಆರಿಸುವಾಗ ಅವನನ್ನು ಕೇಳುವ ಪದ್ಧತಿ ಇಲ್ಲ. ನಾನು ಚೆಟ್ಟಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದೆ. ನನ್ನ ಹೆಸರಿನ ಮುಂದೆ ಊರು ಕಟ್ಟಿದ್ದು ಇಂಗ್ಲಿಷ್ ಅಲ್ಲ, ಬಾಳೆ. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲಾದರೂ ಆ ಬಾಳೆಯ ಮಾತು ಬರದಿದ್ದರೆ ಸಾಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

೧. ಸಹಾಯ

ಕೆಲಸಕ್ಕೆ ಸೇರಿದ ವರ್ಷ ಶಾಲೆಯ ಹತ್ತಿರದ ಕೊಡವ ಮನೆಯೊಂದರಲ್ಲಿ ಮದುವೆ. ಹೊಸ ಮೇಷ್ಟ್ರೆಂದು ನನ್ನನ್ನೂ ಕರೆದಿದ್ದರು. ನಾನು ಶನಿವಾರಸಂತೆ ಕಡೆಯವನು. ನಮ್ಮಲ್ಲಿ ಶುಭಕಾರ್ಯವೆಂದರೆ ಬಾಳೆಕಂಬ ಗೇಟಿನ ಎರಡು ಬದಿಗೆ ಇರಬೇಕು. ಇಲ್ಲಿ ನೋಡಿದರೆ ಮೂರು ಬಾಳೆಕಂಬಗಳನ್ನು ಜನ ಓಡಾಡುವ ದಾರಿಯ ನಡುವೆ ಸಾಲಾಗಿ ನೆಟ್ಟಿದ್ದಾರೆ. ಅಲಂಕಾರದವರು ಕೆಲಸ ಅರ್ಧಕ್ಕೆ ಬಿಟ್ಟು ತಿಂಡಿಗೆ ಹೋಗಿರಬೇಕು ಅನ್ನಿಸಿತು. ಬೇಗ ಬಂದಿದ್ದೆ, ಕೈ ಖಾಲಿ ಇತ್ತು. ಮೂರನ್ನೂ ಕಿತ್ತೆ. ಎರಡನ್ನು ಗೇಟಿಗೆ ಅಂದವಾಗಿ ಕಟ್ಟಿದೆ. ಉಳಿದದ್ದನ್ನು ಕೈ ತೊಳೆಯುವ ಡ್ರಮ್ಮಿಗೆ ಒರಗಿಸಿದೆ.

ಆ ಬಾಳೆ ಅಲಂಕಾರಕ್ಕಲ್ಲ, ಕಡಿಯುವುದಕ್ಕೆ. ನೆಂಟರಲ್ಲಿ ಒಬ್ಬ ಹಿರಿಯರು ವಾಲಗದ ಜೊತೆ ಬಂದು, ಒಡಿಕತ್ತಿಯಿಂದ ಒಂದೊಂದನ್ನೂ ಒಂದೇ ಏಟಿಗೆ ಕಡಿಯಬೇಕು. ಅದು ಅವರಿಗೆ ಸಲ್ಲುವ ಮರ್ಯಾದೆ. ಇದು ನನಗೆ ಆಮೇಲೆ ಗೊತ್ತಾಯಿತು. ಮದುಮಗನ ಸೋದರಮಾವ ಬಂದರು, ಕತ್ತಿ ಎತ್ತಿದರು, ಎತ್ತಿದ ಕತ್ತಿಯನ್ನು ಹಾಗೇ ಹಿಡಿದು ಎಡಕ್ಕೂ ಬಲಕ್ಕೂ ನೋಡಿದರು. ವಾಲಗ ನಿಂತಿತು. ನಾನು ಮುಂದೆ ಬಂದು ಹೇಳಿದೆ:

"ಗೇಟಿನ ಹತ್ತಿರ ಇದೆ ಸಾರ್. ಗಟ್ಟಿಯಾಗಿ ಕಟ್ಟಿದ್ದೇನೆ."

೨. ಹೋಟೆಲಿನಲ್ಲಿ

ಈ ಗತಿ ನನಗೊಬ್ಬನಿಗೇ ಅಲ್ಲ ಎನ್ನುವುದೊಂದು ಸಮಾಧಾನ. ನಮ್ಮೂರಿನಲ್ಲಿ ಒಬ್ಬ ಎಸ್ಟೇಟ್ ರೈಟರ್, ಅಂದರೆ ಕಾಫಿತೋಟದ ಗುಮಾಸ್ತರು, ಇದ್ದಾರೆ. ಮೂವತ್ತು ವರ್ಷ ಒಂದು ದಿನವೂ ತಪ್ಪದೆ ಹಾಜರಿ ಹಾಕಿದವರು. ಒಂದು ಸಲ, ಒಂದೇ ಸಲ, ಗಡಿಯಾರ ಕೆಟ್ಟದ್ದು ತಿಳಿಯದೆ ಕಾಫಿ ಪಿಕಿಂಗಿನ ಗಂಟೆಯನ್ನು ಬೇಗ ಹೊಡೆದರು. ಕೂಲಿ ಲೈನಿನ ಜನರೆಲ್ಲ ಬುಟ್ಟಿ ಹಿಡಿದು ಬಂದು, ಹಣ್ಣು ಯಾವುದು ಕಾಯಿ ಯಾವುದು ಕಾಣದೆ ಬೆಳಗಾಗುವವರೆಗೆ ಕಾಫಿ ಗಿಡದ ಪಕ್ಕ ನಿಂತಿದ್ದರು.

ಒಂದು ದಿನ ಹೊಸ ದನದ ಡಾಕ್ಟರು ಹೋಟೆಲಿಗೆ ಬಂದು ರೈಟರ ಮನೆ ಯಾವುದೆಂದು ಕೇಳಿದರು. ಹೋಟೆಲಿನವರು ದೋಸೆ ಮಗುಚುತ್ತಾ, "ಯಾವ ರೈಟರ್? ಒಂದು ಗಂಟೆ ಮೊದಲೇ ಗಂಟೆ ಹೊಡೆದು ಜನಾನ ಕತ್ತಲಲ್ಲಿ ನಿಲ್ಲಿಸಿದ್ರಲ್ಲ, ಅವರಾ?" ಎಂದು ವಿಚಾರಿಸಿದರು.

ಮೂಲೆಯ ಬೆಂಚಿನಲ್ಲಿ ಟೀ ಕುಡಿಯುತ್ತಿದ್ದ ರೈಟರು ತಲೆ ಎತ್ತದೆ ಹೇಳಿದರು: "ಮುಕ್ಕಾಲು ಗಂಟೆ."

೩. ಗಡಿ

ಊರು ದಾಟಿದರೆ ಬಾಳೆಯನ್ನೂ ದಾಟಬಹುದು ಎಂದು ಬಹಳ ಕಾಲ ನಂಬಿದ್ದೆ. ಒಮ್ಮೆ ಕೇರಳಕ್ಕೆ ಹೋಗಿ ಕಾರಿನಲ್ಲಿ ವಾಪಸು ಬರುತ್ತಿದ್ದೆ. ಹಿಂದೆ ಡಿಕ್ಕಿಯಲ್ಲಿ ಹಿತ್ತಲಲ್ಲಿ ನೆಡಲು ಕೊಂಡ ನಾಲ್ಕು ನೇಂದ್ರಬಾಳೆಯ ಕಂದುಗಳು. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ತಡೆದರು. ಸುತ್ತ ಕಾಡು, ನಮ್ಮೂರಿನವರ ಸುಳಿವಿಲ್ಲ. ನಾನು ನಿರಾಳವಾಗಿ, ಚೆಟ್ಟಳ್ಳಿ ಕಡೆಯ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಎಂದು ಪರಿಚಯ ಹೇಳಿಕೊಂಡೆ.

ಕಾವಲಿನವರು ಡಿಕ್ಕಿ ತೆಗೆದರು. ಕಂದುಗಳನ್ನು ನೋಡಿದರು. ನನ್ನನ್ನು ನೋಡಿದರು. ಡಿಕ್ಕಿಯನ್ನು ನಿಧಾನವಾಗಿ ಮುಚ್ಚಿ, ಬಹಳ ಗೌರವದಿಂದ ಕೇಳಿದರು:

"ಇದು ಯಾರ ಮದುವೆಯದ್ದು ಸಾರ್?"

೪. ಹತ್ತು ವಾಕ್ಯ

ನಿವೃತ್ತಿಗೆ ಕೆಲವೇ ತಿಂಗಳಿರುವಾಗ ಒಂಬತ್ತನೇ ತರಗತಿಗೆ ರಿಲೇಟಿವ್ ಕ್ಲಾಜ್ ಪಾಠ ಬಂತು. 'ದಿ ಮ್ಯಾನ್ ಹೂ' ಎಂದು ಶುರುಮಾಡಿ, ಅವನು ಹಿಂದೆ ಏನು ಮಾಡಿದ ಎಂದು ಹೇಳುವ ಕ್ರಮ. ಈ ವಿಷಯದಲ್ಲಿ ಇಂಗ್ಲಿಷಿಗೆ ಸ್ವಲ್ಪ ಸೌಜನ್ಯ ಇದೆ. ಅಲ್ಲಿ ಮನುಷ್ಯ ಮೊದಲು ಬರುತ್ತಾನೆ, ಮಾಡಿದ್ದು ಅವನ ಹಿಂದಿನಿಂದ ಬರುತ್ತದೆ. ಕನ್ನಡದಲ್ಲಿ ಬಾಳೆ ಮೊದಲು, ಕಿತ್ತದ್ದು ಆಮೇಲೆ, ಮೇಷ್ಟ್ರು ಕೊನೆಗೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಬಾಳೆ ಒಳಗೆ ಕುಳಿತು ಕಾಫಿ ಕುಡಿಯುತ್ತಿರುತ್ತದೆ.

ಪುಸ್ತಕದ ಉದಾಹರಣೆಗಳಲ್ಲಿ ಬಲ್ಬು ಕಂಡುಹಿಡಿದವರು, ಹಿಮಾಲಯ ಹತ್ತಿದವರು ಇದ್ದರು. ಮಕ್ಕಳು ಆಕಳಿಸಿದರು. "ನಿಮಗೆ ಗೊತ್ತಿರುವವರ ಬಗ್ಗೆ ಹತ್ತು ವಾಕ್ಯ ಬರೆದುಕೊಂಡು ಬನ್ನಿ" ಎಂದೆ. ನನ್ನ ಸರ್ವೀಸಿನಲ್ಲೇ ಯಾವ ಹೋಂವರ್ಕನ್ನೂ ಮಕ್ಕಳು ಅಷ್ಟು ಶ್ರದ್ಧೆಯಿಂದ ಮಾಡಿರಲಿಲ್ಲ. ಮನೆಮಂದಿಯೆಲ್ಲ ಸುತ್ತ ಕುಳಿತು ನೆನಪು ಮಾಡಿಕೊಟ್ಟಿದ್ದರು.

ಮಾರನೆಯ ದಿನವೇ ಹೆಡ್‌ಮಾಸ್ಟರು ಕರೆಸಿದರು. ಅವರು ಒಂದು ವರ್ಷ ಶಾಲಾ ವಾರ್ಷಿಕೋತ್ಸವದಲ್ಲಿ, ಮೈಕ್ ಸರಿಮಾಡಲು ವೇದಿಕೆ ಹತ್ತಿದವನಿಗೆ ನೂರು ಮೀಟರ್ ಓಟದ ಮೊದಲ ಬಹುಮಾನ ಕೊಟ್ಟು ಕೈಕುಲುಕಿದ್ದರು.

"ನನ್ನ ವಿಷಯ ಎಷ್ಟು ಮಕ್ಕಳು ಬರೆದಿದ್ದಾರೆ?"

"ಹದಿನೇಳು, ಸರ್."

"ತಪ್ಪಿದ್ದರೆ ಕೆಂಪು ಪೆನ್ನಲ್ಲಿ ಹೊಡೆದುಹಾಕಿ."

"ನೋಡಿದೆ ಸರ್. ಈ ಒಂದು ವಾಕ್ಯವನ್ನು ಮಾತ್ರ ಯಾರೂ ತಪ್ಪು ಬರೆದಿಲ್ಲ."

ಅಲ್ಲಿಯವರೆಗೆ ತಿದ್ದಿದ ಪುಸ್ತಕಗಳಲ್ಲಿ ನನ್ನ ಬಗ್ಗೆ ಯಾರೂ ಬರೆದಿರಲಿಲ್ಲ. ಉಸಿರು ಬಿಡುವಷ್ಟರಲ್ಲಿ ಕೊನೆಯ ಪುಸ್ತಕ ಕೈಗೆ ಬಂತು. ಚುರುಕಾದ ಹುಡುಗಿಯೊಬ್ಬಳದ್ದು. ಹತ್ತನೆಯ ವಾಕ್ಯ 'ಅವರ್ ಸರ್ ಈಸ್ ದಿ ಮ್ಯಾನ್ ಹೂ' ಎಂದು ಶುರುವಾಗಿ, ಅಲ್ಲಿಗೇ ನಿಂತಿತ್ತು.

"ಇದನ್ನು ಯಾಕಮ್ಮ ಪೂರ್ತಿ ಮಾಡಲಿಲ್ಲ?" ಎಂದು ಕೇಳಿದೆ.

"ಅಜ್ಜಿ ಬೇಡ ಅಂದ್ರು ಸರ್. ಮಾರ್ಕ್ಸ್ ಹಾಕೋದು ಅವರೇ ಅಲ್ಲವಾ, ಪರೀಕ್ಷೆ ಮುಗೀಲಿ ಅಂದ್ರು."

೫. ಗಟ್ಟಿ ಬಾಳೆ

ಆ ವರ್ಷವೇ, ನಾನು ಬಾಳೆ ಕಿತ್ತ ಮದುವೆಯ ಮದುಮಗನ ಮಗಳಿಗೆ ಮದುವೆ ಗೊತ್ತಾಯಿತು. ಅವಳು ನನ್ನ ವಿದ್ಯಾರ್ಥಿನಿ. ತಂದೆಯೇ ಮನೆಗೆ ಬಂದು ಕರೆದರು. "ಮೇಷ್ಟ್ರೇ, ನೀವು ಬರಲೇಬೇಕು. ನೀವಿಲ್ಲದೆ ಎಂಥ ಮದುವೆ?" ಖಂಡಿತ ಬರುತ್ತೇನೆ ಎಂದೆ. ಗೇಟಿನವರೆಗೆ ಹೋದವರು ತಿರುಗಿ ನಿಂತರು. "ಅವಸರ ಮಾಡೋದು ಬೇಡ. ಬಾಳೆ ಕಡಿದ ಮೇಲೆ ಬಂದ್ರೂ ಸಾಕು."

ತಡವಾಗಿಯೇ ಹೋದೆ. ವಾಲಗದವರು ಬಂದದ್ದು ನನಗಿಂತ ತಡ. ಅಂಗಳದಲ್ಲಿ ಮೂರು ಬಾಳೆ ನಿಂತಿದ್ದವು. ಅವುಗಳ ಪಕ್ಕ ಹಾದುಹೋಗುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ಕೈಗಳನ್ನು ಎಲ್ಲರಿಗೂ ಕಾಣುವಂತೆ ಮಡಿಲಲ್ಲಿ ಇಟ್ಟುಕೊಂಡೆ.

ಕಡಿಯುವ ಮರ್ಯಾದೆಯನ್ನು ಅದೇ ಸೋದರಮಾವನಿಗೆ ಕೊಟ್ಟಿದ್ದರು. ಅಂದು ಎತ್ತಿದ ಕತ್ತಿ ಹಾಗೇ ಉಳಿದಿತ್ತಲ್ಲ. ಅವರಿಗೀಗ ಎಪ್ಪತ್ತೈದು ದಾಟಿದೆ, ತೋಳು ಮಾತ್ರ ಹಾಗೇ ಇದೆ. ವಾಲಗ ಏರಿತು. ಕತ್ತಿ ಬೀಸಿದರು. ಠಣ್ ಎಂದಿತು. ಬಾಳೆ ಅಲುಗಲಿಲ್ಲ. ಹಿರಿಯರು ಕತ್ತಿಯ ಬಾಯಿ ನೋಡಿದರು, ಬಾಳೆಯನ್ನು ನೋಡಿದರು.

"ಇದು ಎಂಥ ಜಾತಿ ಬಾಳೆ ಮಾರಾಯ?"

ವಾಲಗ ನಿಂತಿತು. ಇಡೀ ಅಂಗಳ, ಯಾರೂ ಹೇಳದೆ, ಕೊನೆಯ ಸಾಲಿನತ್ತ ತಿರುಗಿತು. ನಾನು ಎರಡೂ ಕೈಗಳನ್ನು ಇನ್ನಷ್ಟು ಮೇಲಕ್ಕೆ ತೋರಿಸಿದೆ.

ಮದುಮಗಳ ತಂದೆ ಮುಂದೆ ಬಂದರು. ಮುಖ ಕೆಂಪಾಗಿತ್ತು. "ಮೇಷ್ಟ್ರು ಬರ್ತಾರೆ ಅಂತ ಒಳಗೆ ಕಬ್ಬಿಣದ ಸರಳು ಹಾಕ್ಸಿ ನೆಡ್ಸಿದ್ದೆ ಮಾವ, ಯಾರಿಗೂ ಕೀಳ್ಲಿಕ್ಕೆ ಆಗದ ಹಾಗೆ. ವಾಲಗ ಬರೋ ಮೊದಲು ತೆಗಿಸ್ಬೇಕಿತ್ತು. ಮರ್ತೇ ಹೋಯ್ತು."

ಸರಳು ತೆಗೆದರು. ಹಿರಿಯರು ಮೂರನ್ನೂ ಒಂದೊಂದೇ ಏಟಿಗೆ ಕಡಿದರು. ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಎರಡು ದಿನ ಬಿಟ್ಟು ಹೋಟೆಲಿನಲ್ಲಿ ಯಾರೋ ದಾರಿ ಕೇಳುತ್ತಿದ್ದರು. "ಸೀದಾ ಹೋಗಿ. ಬಾಳೆಗೆ ಸರಳು ಹಾಕಿದವರ ಮನೆ ಸಿಗ್ತದೆ, ಅಲ್ಲಿಂದ ಬಲಕ್ಕೆ" ಎಂದರು ಹೋಟೆಲಿನವರು. ನಾನು ಇನ್ನೊಂದು ಟೀ ಹೇಳಿದೆ. ಮೂಲೆಯ ರೈಟರು ಮಾತ್ರ ನನ್ನನ್ನು ಸ್ವಲ್ಪ ಅಸೂಯೆಯಿಂದ ನೋಡಿದರು.

೬. ಬಿಟ್ಟ ಜಾಗ

ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು. ಹಣ್ಣಿನ ಬುಟ್ಟಿಯಲ್ಲಿ ಸೇಬು, ಕಿತ್ತಳೆ ಇದ್ದವು. ಬಾಳೆಹಣ್ಣನ್ನು ಯಾರೋ ಪುಣ್ಯಾತ್ಮರು ತೆಗೆದಿಟ್ಟಿದ್ದರು. ಮುಂದಿನ ಸಾಲಿನಲ್ಲಿ ಊರಿನ ಹಿರಿಯರು, ಅವರ ನಡುವೆ ಕತ್ತಿಯ ಸೋದರಮಾವ. ಹೆಡ್‌ಮಾಸ್ಟರು ಮಾತಾಡಿದರು, ಬಾಳೆ ಬರಲಿಲ್ಲ. ಅಧ್ಯಕ್ಷರು ಮಾತಾಡಿದರು, ಬಾಳೆ ಬರಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ, ವಿದ್ಯಾರ್ಥಿಗಳ ಪರವಾಗಿ ಇಂಗ್ಲಿಷಿನಲ್ಲಿ ಎರಡು ಮಾತು ಎಂದರು. ಮೈಕಿನ ಮುಂದೆ ಬಂದವಳು ಆ ಹುಡುಗಿ. ಪರೀಕ್ಷೆ ಮುಗಿದಿತ್ತು. ಮಾರ್ಕ್ಸು ಹಾಕಿಯಾಗಿತ್ತು.

"ಅವರ್ ಸರ್ ಈಸ್ ದಿ ಮ್ಯಾನ್ ಹೂ..." ಎಂದು ನಿಲ್ಲಿಸಿದಳು. ನಾನು ಶಾಲನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳು ಸಭೆಯಲ್ಲಿ ಕುಳಿತ ಅಜ್ಜಿಯನ್ನು ನೋಡಿದಳು. ಅಜ್ಜಿ ತಲೆಯಾಡಿಸಿದರು.

"ಡಿಡ್ ನಥಿಂಗ್."

ಕತ್ತಿಯ ಹಿರಿಯರು ಪಕ್ಕಕ್ಕೆ ಬಾಗಿದರು. "ಎಂಥ ಹೇಳ್ತು ಮಗು?"

"ನಮ್ಮ ಮೇಷ್ಟ್ರು ಏನೂ ಮಾಡದ ಮನುಷ್ಯ ಅಂತ" ಎಂದರು ಪಕ್ಕದವರು.

ಹಿರಿಯರು ಕೋಲು ಊರಿ ಎದ್ದು ನಿಂತು ಇಡೀ ಸಭೆಗೆ ಕೇಳುವಂತೆ ಹೇಳಿದರು: "ಸತ್ಯ. ಅವತ್ತು ಸರಳಿನ ಬಾಳೆ ಮುಂದೆ ಕತ್ತಿ ಹಿಡಿದು ನಾನೇ ನೋಡ್ತಿದ್ದೆ. ಈ ಮನುಷ್ಯ ಏನೂ ಮಾಡಿಲ್ಲ."

ನನ್ನ ಇಪ್ಪತ್ತಾರು ವರ್ಷದ ಸೇವೆಗೆ ಅಷ್ಟು ಹೊತ್ತು ಚಪ್ಪಾಳೆ ಬಿದ್ದದ್ದು ಅದೇ ಮೊದಲು.